ವಾರ್ಡಿಗೆ ನಿಲ್ಲೋಕೆ ಎಷ್ಟು ದುಡ್ಡು ಬೇಕು ಸರ್?

ಅಂಕೋಲಾದಿಂದ ಒಬ್ಬ ಹೆಣ್ಣುಮಗಳು ನಮ್ಮ ಚಾನೆಲ್ಲಿನ ವಾಟ್ಸಾಪ್ ನಂಬರಿಗೆ ಒಂದು ಮೆಸೇಜ್ ಕಳಿಸಿದ್ದಾರೆ. ಸ್ತ್ರೀಶಕ್ತಿ ಸಂಘದಲ್ಲಿ ಕೆಲಸ ಮಾಡ್ತಾರಂತೆ. ಅವರ ವಾರ್ಡಿನಲ್ಲಿ ಗಟಾರದ ನೀರು ಮಳೆಗಾಲ ಪೂರ್ತಿ ಬಾವಿಗೆ ಇಳಿಯುತ್ತೆ, ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿದೆ, ಮುಂದಿನ ಪುರಸಭೆ ಚುನಾವಣೆಗೆ ನಾನೇ ನಿಲ್ತೀನಿ ಅಂತ ತೀರ್ಮಾನ ಮಾಡಿದ್ದಾರೆ. ಕೇಳಿರೋದು ಒಂದೇ ಪ್ರಶ್ನೆ. ‘ಎಲ್ಲರೂ ಹತ್ತು ಲಕ್ಷ ಬೇಕು ಅಂತಾರೆ. ಮನೆಯವರು ಸುಮ್ನಿರು ಅಂತಾರೆ. ನಿಜವಾಗ್ಲೂ ಎಷ್ಟು ದುಡ್ಡು ಬೇಕು ಸರ್?’

ಒಳ್ಳೇ ಪ್ರಶ್ನೆ. ನಾವು ಟೀವಿಯವರು ವಿಧಾನಸಭೆ, ಲೋಕಸಭೆ ಅಂದ್ರೆ ಸ್ಟುಡಿಯೋ ತುಂಬಾ ಜನ ಕೂರಿಸ್ತೀವಿ. ದೊಡ್ಡ ಸ್ಕ್ರೀನ್, ಗ್ರಾಫಿಕ್ಸ್, ಎಕ್ಸಿಟ್ ಪೋಲ್. ಪುರಸಭೆ ಚುನಾವಣೆ ಅಂದ್ರೆ ಕೆಳಗಡೆ ಓಡೋ ಪಟ್ಟೀಲಿ ನಾಲ್ಕು ಅಂಕಿ. ಆದರೆ ನಿಮ್ಮ ಮನೆ ಮುಂದಿನ ಬೀದಿದೀಪ ಉರಿಯುತ್ತೋ ಇಲ್ವೋ ಅನ್ನೋದನ್ನ ದಿಲ್ಲಿಯವರು ನೋಡಲ್ಲ, ಬೆಂಗಳೂರಿನವರೂ ನೋಡಲ್ಲ. ಅದಕ್ಕೆ ಇವತ್ತು ಪೂರ್ತಿ ಸಮಯ ಈ ಪ್ರಶ್ನೆಗೇ.

ಮೊದಲು ಲೆಕ್ಕ ಹಾಕೋಣ. ಕಾರವಾರ ನಗರಸಭೆ, 31 ವಾರ್ಡ್. ಅಂಕೋಲಾ ಪುರಸಭೆ, 23 ವಾರ್ಡ್. ಎರಡೂ ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯಿದೆ ಪ್ರಕಾರ. 20 ಸಾವಿರ ಜನ ದಾಟಿದ ಊರಿಗೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ. ಅಂಕೋಲಾ ಆ ಲೆಕ್ಕದ ಕೆಳತುದಿಗೆ ಹತ್ತಿರ ಇರೋ ಊರು. 20 ಸಾವಿರವನ್ನ 23ರಿಂದ ಭಾಗಿಸಿ. ಒಂದು ವಾರ್ಡಿಗೆ ಸುಮಾರು ಒಂಬೈನೂರು ಜನ ಬರ್ತಾರೆ. ಅದರಲ್ಲಿ ಮಕ್ಕಳನ್ನ ಕಳೆದು, ಮತದಾರರು 800 ಅಂತ ಜಾಸ್ತೀನೇ ಇಟ್ಟುಕೊಳ್ಳಿ. ನೂರಕ್ಕೆ ಎಪ್ಪತ್ತು ಜನ ಓಟು ಹಾಕಿದ್ರು ಅಂದುಕೊಳ್ಳಿ, 560 ಆಯ್ತು. ಮೂವರು ಗಟ್ಟಿಯಾಗಿ ನಿಂತರೆ? ಇನ್ನೂರು ಚಿಲ್ಲರೆ ಓಟು ತಗೊಂಡವರು ಗೆದ್ದುಬಿಡಬಹುದು!

ಇನ್ನೂರು ಓಟು ಸ್ವಾಮಿ. ಒಂದು ಮದುವೆ ಮನೇಲಿ ಮೊದಲ ಪಂಕ್ತಿಗೆ ಕೂರೋರು ಅದಕ್ಕಿಂತ ಜಾಸ್ತಿ ಇರ್ತಾರೆ.

ಎಂಟುನೂರು ಮತದಾರರು ಅಂದ್ರೆ ಎಷ್ಟು ಮನೆ? ಮನೆಗೆ ನಾಲ್ಕು ಓಟು ಅಂದ್ರೆ ಇನ್ನೂರು ಮನೆ. ಒಂದು ಸಂಜೆಗೆ ಹತ್ತು ಮನೆ, ಮನೆಗೆ ಹತ್ತು ನಿಮಿಷ. ಇಪ್ಪತ್ತು ದಿನದಲ್ಲಿ ವಾರ್ಡು ಮುಗೀತು. ಎರಡನೇ ಸುತ್ತು ಹೋದ್ರೆ ನಲವತ್ತು ದಿನ. ಇದಕ್ಕೆ ಬೇಕಾಗಿರೋದು ಒಂದು ಜೊತೆ ಚಪ್ಪಲಿ, ಒಂದು ಕೊಡೆ, ಒಂದು ನೋಟ್‌ಬುಕ್ಕು. ಹತ್ತು ಲಕ್ಷ ಎಲ್ಲಿಂದ ಬಂತು ಹಾಗಾದ್ರೆ? ಇನ್ನೂರು ಮನೆಗೆ ಹೋಗೋಕೆ ಪುರಸೊತ್ತಿಲ್ಲದೇ ಇರೋರು ಕೊನೇ ಎರಡು ರಾತ್ರೀಲಿ ಕವರ್ ಹಂಚೋಕೆ ಹೊರಡ್ತಾರಲ್ಲ, ಆ ಲೆಕ್ಕ ಅದು.

ಈಗ ಕೊಡೆ ಯಾಕೆ ಅಂದೆ ಹೇಳ್ತೀನಿ. ಕಳೆದ ಸಲ ಕಾರವಾರ, ಅಂಕೋಲಾ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ಆಗಿದ್ದು 2018ರ ಆಗಸ್ಟ್ 31ರಂದು. ಕರಾವಳಿಯ ಆಗಸ್ಟ್ ಗೊತ್ತಲ್ಲ! ಬ್ಯಾನರ್ ಕಟ್ಟಿದ್ರೆ ಸಂಜೆಗೆ ಗಾಳಿಗೆ ಹಾರಿ ಪಕ್ಕದ ವಾರ್ಡಿಗೆ ಹೋಗಿರುತ್ತೆ. ಬಯಲಲ್ಲಿ ಸಭೆ ಮಾಡೋ ಹಾಗಿಲ್ಲ. ಮನೆ ಜಗಲಿಯೇ ಸಭೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳೀಲಿ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್ ಬಂತು ಅಂದ್ರೆ ಬೈತಖೋಲಿನ ಬೋಟುಗಳು ಕಡಲಿಗೆ. ಎರಡು ತಿಂಗಳು ಕೈ ಕಟ್ಟಿ ಕೂತವರು, ಸಾಲ ತೀರಿಸೋಕೆ ಹೊರಟವರು, ನಿಮ್ಮ ಭಾಷಣಕ್ಕೆ ಮನೇಲಿ ಕಾಯ್ತಾ ಕೂರ್ತಾರಾ? ಸಂಜೆ ಏಳಕ್ಕೆ ಹೋಗಿ ಬಾಗಿಲು ತಟ್ಟಿದ್ರೆ ಗಂಡಸರು ಇರಲ್ಲ. ಹೆಂಗಸರು ಮೀನು ಮಾರಿ ಬಂದು, ಸೊಂಟ ನೋವು ಅಂತ ಅಡ್ಡಾಗಿರ್ತಾರೆ. ಬೆಳಗಿನ ಜಾವ ದಕ್ಕೆಗೆ ಹೋಗಿ ನಿಲ್ಲಬೇಕು. ಬೋಟು ಬರುವಾಗ, ಮೀನು ಇಳಿಸುವಾಗ, ಹರಾಜು ಕೂಗುವಾಗ. ಆಗಲೂ ಮಾತಾಡೋಕೆ ಹೋಗಬೇಡಿ, ಅವರ ಕೆಲಸ ಕೆಡುತ್ತೆ. ಸುಮ್ಮನೆ ನಿಂತುಕೊಳ್ಳಿ, ಐಸು, ಡೀಸೆಲ್ಲು ಎಷ್ಟಾಯ್ತು ಅಂತ ಕೇಳಿ. ಮೂರನೇ ದಿನ ಅವರೇ ಕೇಳ್ತಾರೆ, ಯಾಕೆ ಬಂದ್ರಿ ಅಂತ.

ಕಾರವಾರದ ಇನ್ನೊಂದು ಜನವರ್ಗ ಇದೆ, ಪ್ರಚಾರ ಮಾಡೋರ ಕಣ್ಣಿಗೆ ಬೀಳೋದೇ ಇಲ್ಲ. ಬೆಳಗಿನ ರೈಲು, ಬಸ್ಸು ಹಿಡಿದು ಗೋವಾಕ್ಕೆ ಕೆಲಸಕ್ಕೆ ಹೋಗೋರು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರ್ತಾರೆ. ಮತದಾನದ ದಿನ ಇಲ್ಲಿ ರಜೆ ಇರುತ್ತೆ, ಗೋವಾದ ಮಾಲೀಕ ಯಾಕೆ ರಜೆ ಕೊಡ್ತಾನೆ? 2018ರಲ್ಲಿ ಮತದಾನ ಆಗಿದ್ದು ಶುಕ್ರವಾರ, ನಡು ವಾರದ ಕೆಲಸದ ದಿನ. ಇಂಥವರ ಪಟ್ಟಿ ಮಾಡಿ, ‘ಅಣ್ಣ, ಬಾಗಿಲು ತೆಗೆದ ಕೂಡಲೇ ಮೊದಲನೇ ಓಟು ನಿಮ್ಮದೇ ಹಾಕಿಬಿಟ್ಟು ಹೋಗಿ’ ಅಂತ ಹಿಂದಿನ ರಾತ್ರಿ ಹೇಳಿ ಬರೋ ಅಭ್ಯರ್ಥಿಗೆ ಇಪ್ಪತ್ತು ಓಟು ಹೆಚ್ಚು ಬೀಳುತ್ತೆ. ಇನ್ನೂರರ ಆಟದಲ್ಲಿ ಇಪ್ಪತ್ತು ಸಣ್ಣ ಸಂಖ್ಯೆನಾ?

ಭಾಷೆ ಮತ್ತೊಂದು. ಬೆಂಗಳೂರಲ್ಲಿ ಕೂತು ಪಾಂಪ್ಲೆಟ್ ಬರೆಯೋರಿಗೆ ಇದು ಅರ್ಥ ಆಗಲ್ಲ. ಕಾರವಾರದಲ್ಲಿ ಮನೆಯೊಳಗಿನ ಮಾತು ಬಹುಪಾಲು ಕೊಂಕಣಿ. ನೀವು ಹೋಗಿ ‘ಸಮಗ್ರ ಅಭಿವೃದ್ಧಿಗಾಗಿ ತಮ್ಮ ಅಮೂಲ್ಯ ಮತ’ ಅಂದ್ರೆ ಅಜ್ಜಿ ನಗ್ತಾಳೆ. ‘ಯೆಯಾ, ಬಸಾ’ ಅಂತ ಒಳಗೆ ಕರೆದ್ರೆ ಕೂತುಕೊಂಡು ಅವರ ಮಾತಲ್ಲೇ ಮಾತಾಡಬೇಕು. ಅಂಕೋಲಾದಲ್ಲಿ ಆ ಊರಿನ ಕನ್ನಡ, ಕೇರಿಗೊಂದು ಧಾಟಿ. ಕೋಡಿಬಾಗದಲ್ಲಿ ನಡೆದ ಮಾತು ಬಿಣಗಾದಲ್ಲಿ ನಡೆಯಲ್ಲ. ವಾರ್ಡಿನಲ್ಲಿ ಹುಟ್ಟಿದ ಅಭ್ಯರ್ಥಿಗೆ ಇದು ಪುಕ್ಕಟೆ ಸಿಕ್ಕಿರೋ ಬಂಡವಾಳ.

ಇದೆಲ್ಲಾ ಆದರ್ಶದ ಮಾತು, ನಡೆಯಲ್ಲ ಸಾರ್ ಅಂತ ಕೆಲವರು ಈಗಾಗಲೇ ಟೈಪ್ ಮಾಡ್ತಿದ್ದೀರಿ, ಗೊತ್ತು. ಸರಿ, ಅಂಕೋಲಾದ ಇತಿಹಾಸವನ್ನೇ ನೋಡೋಣ. 1930ರ ಏಪ್ರಿಲ್ 13. ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ. ಅವತ್ತು ತಯಾರಾದ ಉಪ್ಪಿನ ಮೊದಲ ಪೊಟ್ಟಣವನ್ನ ಹರಾಜಿಗಿಟ್ಟರು. ರೇವು ಹೊನ್ನಪ್ಪ ನಾಯಕರು 30 ರೂಪಾಯಿ ಕೊಟ್ಟು ಕೊಂಡರು. ಆ ಕಾಲದ 30 ರೂಪಾಯಿ! ಎರಡು ವರ್ಷದ ನಂತರ ಕರನಿರಾಕರಣೆ ಚಳವಳಿ. ಕಂದಾಯ ಕೊಡಲ್ಲ ಅಂತ ರೈತರು ಹಟ ಹಿಡಿದು ಜಮೀನು, ಮನೆ ಕಳಕೊಂಡರು. ಅಂಕೋಲಾಕ್ಕೆ ಕರ್ನಾಟಕದ ಬಾರ್ಡೋಲಿ ಅನ್ನೋ ಹೆಸರು ಬಂದಿದ್ದು ಹೀಗೆ. ಮೈಕ್ ಇರಲಿಲ್ಲ, ಫ್ಲೆಕ್ಸ್ ಇರಲಿಲ್ಲ. ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ಒಪ್ಪಿಸಿದ್ದು.

ಚುನಾವಣೆಯದ್ದೇ ಉದಾಹರಣೆ ಬೇಕಾ? ದಿನಕರ ದೇಸಾಯಿ. ಚುಟುಕು ಬ್ರಹ್ಮ ಅಂತ ಶಾಲೇಲಿ ಓದಿರ್ತೀರಿ. ಅದೇ ಅಂಕೋಲಾ ತಾಲೂಕಿನವರು. ಗೇಣಿ ರೈತರನ್ನ ಸಂಘಟಿಸಿದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಶಾಲೆಗಳನ್ನ ತೆರೆದವರು. 1967ರಲ್ಲಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಯಾವ ಪಕ್ಷದಿಂದ? ಯಾವ ಪಕ್ಷವೂ ಇಲ್ಲ, ಪಕ್ಷೇತರ! ಕಾಂಗ್ರೆಸ್ಸಿನ ಟಿಕೆಟ್ ಸಿಕ್ಕರೆ ಅರ್ಧ ಗೆದ್ದ ಹಾಗೆ ಅಂತಿದ್ದ ಕಾಲದಲ್ಲಿ. ಮಾಡಿದ ಕೆಲಸ ಮೊದಲು, ಓಟು ಆಮೇಲೆ. ಈಗಿನವರು ಉಲ್ಟಾ ಹೊಡೀತಾರೆ.

ದೂರದ ಉದಾಹರಣೇನೂ ಇದೆ. 2018ರ ಜೂನ್, ನ್ಯೂಯಾರ್ಕ್. ಬಾರಿನಲ್ಲಿ ಕೆಲಸ ಮಾಡಿಕೊಂಡಿದ್ದ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್, ಹತ್ತು ಸಲ ಗೆದ್ದಿದ್ದ ಹಿರಿಯ ನಾಯಕನನ್ನ ಪಕ್ಷದ ಒಳ ಚುನಾವಣೇಲಿ ಸೋಲಿಸಿದರು. ಬಾಗಿಲು ತಟ್ಟಿ ತಟ್ಟಿ ಶೂ ಸವೆಸಿದ ಫೋಟೋ ಆಮೇಲೆ ಜಗತ್ತೆಲ್ಲಾ ಓಡಾಡ್ತು. ನ್ಯೂಯಾರ್ಕಿನಲ್ಲಿ ಆಗೋದು ನಂದನಗದ್ದಾದಲ್ಲಿ ಯಾಕಾಗಲ್ಲ? ಅಲ್ಲಿಗಿಂತ ಇಲ್ಲಿ ಮನೆಗಳು ಹತ್ತಿರ, ನಾಯಿಗಳು ಮಾತ್ರ ಸ್ವಲ್ಪ ಜಾಸ್ತಿ.

2018ರ ನಮ್ಮ ಫಲಿತಾಂಶಾನೂ ಇದನ್ನೇ ಹೇಳುತ್ತೆ. ಸೆಪ್ಟೆಂಬರ್ 3ಕ್ಕೆ ಎಣಿಕೆ ಆಯ್ತು. ರಾಜ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಪಕ್ಷೇತರರು ಗೆದ್ದರು. ಕಾರವಾರದಲ್ಲಿ 31ಕ್ಕೆ ಬಹುಮತ ಅಂದ್ರೆ 16. ಯಾವ ಪಕ್ಷಕ್ಕೂ ಅದು ಸಿಗಲಿಲ್ಲ. ಪಕ್ಷೇತರರು ಅಲ್ಲೂ ಗೆದ್ದರು.

ಗೆದ್ದರು ಸರಿ. ಗೆದ್ದು ಏನಾಯ್ತು? ಇಲ್ಲಿ ನನಗೆ ನಿಜವಾಗ್ಲೂ ಸಿಟ್ಟು ಬರೋದು. ಜನ ಮಳೇಲಿ ನಿಂತು ಓಟು ಹಾಕಿದ್ದು 2018ರ ಆಗಸ್ಟ್. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ತಕರಾರಾಗಿ ಕೋರ್ಟಿಗೆ ಹೋಯ್ತು. ಅಧ್ಯಕ್ಷರ ಆಯ್ಕೆ ಆಗಿದ್ದು 2020ರ ಕೊನೆಗೆ. ಎರಡು ವರ್ಷಕ್ಕೂ ಹೆಚ್ಚು! ಗೆದ್ದವರು ಮನೇಲಿ, ಕುರ್ಚೀಲಿ ಆಡಳಿತಾಧಿಕಾರಿ. ಅಷ್ಟೇ ಅಲ್ಲ, 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗೀತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷದ ಮೇಲೆ ಖಾಲಿ. ಕೋರ್ಟನ್ನ ದೂರಬೇಡಿ, ತಕರಾರಾಗೋ ಹಾಗೆ ಪಟ್ಟಿ ಮಾಡಿದ್ದು ಯಾರು? ಸರ್ಕಾರಗಳು. ಬಹುವಚನದಲ್ಲೇ ಹೇಳ್ತಿದ್ದೀನಿ, ಆ ವರ್ಷಗಳಲ್ಲಿ ಮೂರೂ ಪಕ್ಷದವರು ವಿಧಾನಸೌಧದಲ್ಲಿ ಕೂತಿದ್ದರು.

ಗಟಾರ ರಿಪೇರಿಗೆ ನಿಲ್ತೀನಿ ಅಂತ ಓಟು ಕೇಳಿ ಗೆದ್ದ ಹೆಣ್ಣುಮಗಳು, ಎರಡು ಮಳೆಗಾಲ ಅದೇ ಗಟಾರದ ಪಕ್ಕ ತಲೆ ತಗ್ಗಿಸಿಕೊಂಡು ಓಡಾಡಬೇಕಾಯ್ತಲ್ಲ, ಅವಳಿಗೆ ಏನು ಉತ್ತರ ಕೊಡ್ತೀರಿ? ‘ನಿಮಗೆ ಓಟು ಹಾಕಿದ್ವಿ, ಏನ್ ಮಾಡಿದ್ರಿ?’ ಅಂತ ಪಕ್ಕದ ಮನೆಯವರು ಕೇಳಿದ್ರೆ ‘ಮೀಸಲಾತಿ ಮ್ಯಾಟರು ಹೈಕೋರ್ಟಲ್ಲಿದೆ’ ಅಂತ ಹೇಳೋಕಾಗುತ್ತಾ? ದುಡ್ಡಿದ್ದವರಿಗೆ ಇದು ಏನೂ ಅಲ್ಲ, ಅವರು ಕಾಂಟ್ರಾಕ್ಟ್ ಮಾಡಿಕೊಂಡು ಕಾಯ್ತಾರೆ. ಚಪ್ಪಲಿ ಸವೆಸಿ ಗೆದ್ದವರಿಗೆ ಇದು ಸಾವು.

ಮೀಸಲಾತಿಯ ಇನ್ನೊಂದು ಮುಖ ವಾರ್ಡಿನದ್ದು. ನಾನು ಮೀಸಲಾತಿಯ ವಿರೋಧಿ ಅಲ್ಲ, ಅರ್ಧದಷ್ಟು ಮಹಿಳೆಯರು ಇವತ್ತು ಪುರಸಭೇಲಿ ಕೂತಿದ್ದಾರೆ ಅಂದ್ರೆ ಅದರಿಂದಲೇ. ನನ್ನ ತಕರಾರು ಪಟ್ಟಿ ಹೊರಬೀಳೋ ಸಮಯದ್ದು. ಐದು ವರ್ಷ ಒಂದು ವಾರ್ಡಿನಲ್ಲಿ ಕೆಲಸ ಮಾಡಿರ್ತೀರಿ. ಚುನಾವಣೆ ಹತ್ತಿರ ಬಂದಾಗ ಪಟ್ಟಿ ಬರುತ್ತೆ, ನಿಮ್ಮ ವಾರ್ಡು ನಿಮ್ಮದಲ್ಲದ ವರ್ಗಕ್ಕೆ ಹೋಗಿರುತ್ತೆ. ಪಕ್ಷಕ್ಕೆ ಚಿಂತೆ ಇಲ್ಲ, ಬೇರೆ ಮುಖ ತಂದು ನಿಲ್ಲಿಸುತ್ತೆ. ತಳಮಟ್ಟದಲ್ಲಿ ದುಡಿದವರು ಎಲ್ಲಿಗೆ ಹೋಗಬೇಕು? ಒಂದು ವರ್ಷ ಮೊದಲೇ ಪಟ್ಟಿ ಕೊಟ್ಟರೆ ಯಾರ ಗಂಟು ಹೋಗುತ್ತೆ? ಅಂಕೋಲಾದ ತಂಗಿ, ನೀವು ಒಂದು ವಿಷಯ ನೆನಪಿಡಿ. ಸಾಮಾನ್ಯ ವಾರ್ಡು ಅಂದ್ರೆ ಗಂಡಸರ ವಾರ್ಡು ಅಂತ ಅರ್ಥ ಅಲ್ಲ. ಅಲ್ಲಿ ಹೆಣ್ಣುಮಕ್ಕಳೂ ನಿಲ್ಲಬಹುದು. 21 ವರ್ಷ ತುಂಬಿರಬೇಕು, ಆ ಪುರಸಭೆಯ ಮತದಾರರ ಪಟ್ಟೀಲಿ ಹೆಸರಿರಬೇಕು. ಪಕ್ಕದ ವಾರ್ಡಿನಿಂದಲೂ ನಿಲ್ಲಬಹುದು.

ಮತ್ತೆ, ಗೆದ್ದ ಮೇಲೆ ಮೀಟಿಂಗಿಗೆ ನೀವೇ ಹೋಗಿ. ಹೆಸರು ಹೆಂಡತೀದು, ಕುರ್ಚಿ ಗಂಡಂದು, ಈ ನಾಟಕ ರಾಜ್ಯದ ಎಲ್ಲಾ ಊರಲ್ಲೂ ನೋಡಿ ಸಾಕಾಗಿದೆ.

ಇನ್ನು ಭರವಸೆ. ಇಲ್ಲಿ ಬಹಳ ಜನ ಮುಗ್ಗರಿಸ್ತಾರೆ. ಕಾರವಾರದಲ್ಲಿ ಓಟು ಕೇಳೋಕೆ ಹೋದ್ರೆ ಜನ ಏನೇನು ಕೇಳ್ತಾರೆ? ಸೀಬರ್ಡ್ ನಿರಾಶ್ರಿತರ ಪರಿಹಾರ, ಬಂದರು ವಿಸ್ತರಣೆ, ಹೆದ್ದಾರಿ ಕೆಲಸ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸೀತು. ಆಗಸ್ಟ್ 7ರ ನಡುರಾತ್ರಿ ಕಾಳಿ ಹಳೇ ಸೇತುವೆ ಮುರಿದು ಬಿತ್ತು. ಇವೆಲ್ಲಾ ಜನರ ಎದೇಲಿ ಇರೋ ನೋವು. ಆದರೆ ವಾರ್ಡ್ ಸದಸ್ಯರ ಕೈಲಿ ಇವ್ಯಾವೂ ಇಲ್ಲ. ‘ಹೆದ್ದಾರಿ ನಾನು ಸರಿ ಮಾಡಿಸ್ತೀನಿ’ ಅಂದ್ರೆ ಅದು ಸುಳ್ಳು. ಸಿಆರ್‌ಝಡ್ ಪ್ರದೇಶದಲ್ಲಿ ಮನೆ ಕಟ್ಟೋಕೆ ನಾನೇ ಪರ್ಮಿಶನ್ ಕೊಡಿಸಿಬಿಡ್ತೀನಿ ಅಂದ್ರೆ ಅದೂ ಸುಳ್ಳು, ಆ ನಿಯಮ ಕೇಂದ್ರದ್ದು. ಸದಸ್ಯರ ಕೈಲಿರೋದು ಗಟಾರ, ಬೀದಿದೀಪ, ನಲ್ಲಿ ನೀರು, ಕಸ, ವಾರ್ಡಿನೊಳಗಿನ ರಸ್ತೆ, ಖಾತೆ ಬದಲಾವಣೆಗೆ ಅಲೆಯೋರ ಜೊತೆ ಹೋಗಿ ಟೇಬಲ್ ಮುಂದೆ ನಿಲ್ಲೋದು, ಸಾಮಾನ್ಯ ಸಭೇಲಿ ಎದ್ದು ನಿಂತು ಟೆಂಡರ್ ಲೆಕ್ಕ ಕೇಳೋದು. ಕಡಿಮೆ ಅನ್ನಿಸುತ್ತಾ? ಮಾರ್ಚಿನ ನಂತರ ಗಂಗಾವಳಿ ನೀರು ನಲ್ಲೀಲಿ ಎಷ್ಟು ದಿನಕ್ಕೊಮ್ಮೆ ಬರುತ್ತೆ ಅನ್ನೋದು ಒಂದು ಮನೆಯ ಹೆಂಗಸಿಗೆ ದೇಶದ ರಾಜಕಾರಣಕ್ಕಿಂತ ದೊಡ್ಡದು.

ಬಂದರಿನ ಮಾತು ಬಂತಲ್ಲ. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಬೇಡ ಅಂತ ಕಾರವಾರದ ಮೀನುಗಾರರು ಬೀದಿಗಿಳಿದರು. ಟ್ಯಾಗೋರ್ ಕಡಲತೀರ ಹೋಗಿಬಿಡುತ್ತೆ ಅಂತ ಹೆಂಗಸರೂ ಬಂದರು. ಊರು ಬಂದ್ ಆಯ್ತು, ವಿಷಯ ಹೈಕೋರ್ಟಿಗೆ ಹೋಯ್ತು. ಅಷ್ಟು ಜನರನ್ನ ಸೇರಿಸಿದ್ದು ಯಾವ ಪಕ್ಷದ ದುಡ್ಡೂ ಅಲ್ಲ. ಆ ಕೇರಿಗಳಲ್ಲಿ ಸಂಘಟನೆ ಇದೆ, ನಾಯಕಿಯರಿದ್ದಾರೆ. ಚುನಾವಣೆ ಬಂದಾಗ ಮಾತ್ರ ಅವರೇ ಯಾರ್ಯಾರದ್ದೋ ಟೋಪಿ ಹಾಕಿಕೊಂಡು ಯಾರ್ಯಾರ ಹಿಂದೋ ಹೋಗ್ತಾರೆ. ಯಾಕೆ ಅಂತ ನಾನು ಬಹಳ ಸಲ ಕೇಳಿದ್ದೀನಿ. ಬರೋ ಉತ್ತರ ಒಂದೇ: ‘ನಮ್ಮತ್ರ ದುಡ್ಡಿಲ್ಲ ಸರ್.’ ಇನ್ನೂರು ಓಟಿನ ಲೆಕ್ಕ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ದುಡ್ಡು ಹಂಚೋರ ವಿಷಯ ಒಂದು ಮಾತಲ್ಲಿ ಮುಗಿಸ್ತೀನಿ. ಹಂಚ್ತಾರೆ. ಜನ ತಗೋತಾರೂ ಕೂಡ. ತಗೊಂಡವರಿಗೆ ಪಾಪ ಪುಣ್ಯದ ಪಾಠ ಮಾಡೋಕೆ ಹೋಗಬೇಡಿ, ಓಟು ಕಳಕೊಳ್ತೀರಿ. ನಲವತ್ತು ದಿನ ಎರಡು ಸಲ ಮನೆಗೆ ಬಂದು ಹೋದವರನ್ನ ಒಂದು ಕವರ್ ನೋಡಿ ಎಲ್ಲರೂ ಮರೆಯಲ್ಲ.

ಪಕ್ಷೇತರರಿಗೆ ಇನ್ನೊಂದು ಕಷ್ಟ ಚಿಹ್ನೆ. ಪಕ್ಷದವರ ಗುರುತು ಅಜ್ಜನ ಕಾಲದಿಂದ ಗೊತ್ತು. ನಿಮಗೆ ನಾಮಪತ್ರ ವಾಪಸ್ ತಗೊಳ್ಳೋ ದಿನ ಮುಗಿದ ಮೇಲೆ ಮಿಕ್ಸಿಯೋ ಹೊಲಿಗೆ ಯಂತ್ರವೋ ಏನೋ ಒಂದು ಕೊಡ್ತಾರೆ. ಉಳಿಯೋದು ಒಂದು ವಾರ, ಜಾಸ್ತಿ ಅಂದ್ರೆ ಹತ್ತು ದಿನ. ಅದಕ್ಕೇ ಆ ನಲವತ್ತು ದಿನದ ಓಡಾಟ ನೋಟಿಫಿಕೇಶನ್ ಬರೋಕೆ ಮುಂಚೆ ಮುಗಿದಿರಬೇಕು. ಕೊನೇ ವಾರ ಚಿಹ್ನೆ ತೋರಿಸೋಕೆ ಮಾತ್ರ. ಆ ಹೊತ್ತಿಗೆ ನಿಮ್ಮ ಮುಖ, ನಿಮ್ಮ ದನಿ ಜನಕ್ಕೆ ಗೊತ್ತಿರಬೇಕು.

ಒಂದು ಸಲಹೆ ಕೊಡ್ತೀನಿ, ಇದಕ್ಕೂ ದುಡ್ಡು ಬೇಡ. ಹಳ್ಳಿಯವರಿಗೆ ಗ್ರಾಮಸಭೆ ಇದೆ, ವಾರ್ಡ್ ಸಭೆ ಇದೆ, ಎದ್ದು ನಿಂತು ಕೇಳಬಹುದು. ಪಟ್ಟಣದವರಿಗೆ? ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿರೋದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಕಾರವಾರ, ಅಂಕೋಲಾ ಆ ಲೆಕ್ಕಕ್ಕೆ ಬರಲ್ಲ. ನೀವು ಹೇಳಿ, ‘ಗೆದ್ದರೆ ತಿಂಗಳ ಮೊದಲ ಭಾನುವಾರ ನಮ್ಮನೆ ಅಂಗಳದಲ್ಲಿ ವಾರ್ಡ್ ಸಭೆ, ಪುರಸಭೆಯ ಅಜೆಂಡಾ ಓದ್ತೀನಿ, ಯಾವುದಕ್ಕೆ ಕೈ ಎತ್ತಿದೆ ಅಂತ ಹೇಳ್ತೀನಿ.’ ಕಾರವಾರದವರು ಭಾನುವಾರ ಇಡಬೇಡಿ, ಅವತ್ತು ಸಂತೆ. ಗೆಲ್ಲೋ ತನಕ ಕಾಯಬೇಕು ಅಂತಾನೂ ಇಲ್ಲ. ಈ ತಿಂಗಳೇ ಶುರು ಮಾಡಬಹುದು. ಸೋತರೂ ನಿಲ್ಲಿಸಬೇಕಿಲ್ಲ.

ಈಗ ತಂಗಿ, ನಿಮ್ಮ ಪ್ರಶ್ನೆಗೆ ನೇರ ಉತ್ತರ. ಠೇವಣಿ, ಎರಡು ಸುತ್ತು ಕರಪತ್ರ, ಬೂತ್ ಏಜೆಂಟರ ಊಟ ಚಾ, ಜೆರಾಕ್ಸ್, ಒಂದು ಆಟೋ ಎರಡು ದಿನ. ಒಂದು ಹಳೇ ಸ್ಕೂಟಿಯ ಬೆಲೆಯೊಳಗೆ ಮುಗಿಯುತ್ತೆ. ಸಂಘದ ಹತ್ತು ಜನ ನೂರು ಇನ್ನೂರು ಹಾಕಿದ್ರೆ ಜೆರಾಕ್ಸ್ ಖರ್ಚು ಬಂತು. ಆದರೆ ಪೈಸೆ ಪೈಸೆಗೂ ಚೀಟಿ ಇಟ್ಟುಕೊಳ್ಳಿ, ಚುನಾವಣೆ ಮುಗಿದ ಮೇಲೆ ಆಯೋಗಕ್ಕೆ ಲೆಕ್ಕ ಕೊಡಬೇಕು. ಸೋತವರೂ ಕೊಡಬೇಕು. ಎಷ್ಟೋ ಜನ ಕೊಡದೆ ಅನರ್ಹರಾಗಿ ಕೂತಿದ್ದಾರೆ.

ಅದಕ್ಕಿಂತ ಮೊದಲು ಪುರಸಭೆ ಕಚೇರಿಗೆ ಹೋಗಿ ನಿಮ್ಮ ವಾರ್ಡಿನ ಮತದಾರರ ಪಟ್ಟಿ ತಗೊಳ್ಳಿ. ಸತ್ತವರ ಹೆಸರು, ಮದುವೆಯಾಗಿ ಹೋದವರ ಹೆಸರು, ಮುಂಬೈನಲ್ಲಿ ಇರೋರ ಹೆಸರು ಗುರುತು ಹಾಕಿ. 18 ತುಂಬಿದ ಮಕ್ಕಳ ಹೆಸರು ಸೇರಿದೆಯಾ ನೋಡಿ, ಇಲ್ಲದಿದ್ರೆ ಅರ್ಜಿ ತುಂಬಿಸಿ. ಇದು ನಾಳೆ ಬೆಳಗ್ಗೆ ಹತ್ತೂವರೆಗೆ ಮಾಡಬಹುದಾದ ಕೆಲಸ, ಕಚೇರಿ ಬಾಗಿಲು ತೆಗೆದಿರುತ್ತೆ. ಮಳೆ ಇದ್ದರೆ ಪಟ್ಟಿಗೊಂದು ಪ್ಲಾಸ್ಟಿಕ್ ಕವರ್ ತಗೊಂಡು ಹೋಗಿ. ಒಂದು ಸಣ್ಣ ಬ್ರೇಕ್, ಆಮೇಲೆ ಜಿಲ್ಲೆಯ ಸುದ್ದಿಗಳು.